ನೋಡಿ ಖಾಲಿ ಮಾಡುವ ಕೆಲಸ

ನಡುಮನೆಯ ಮೂಲೆಯಲ್ಲಿ, ಮೇಜಿನ ಕೆಳಗಿದ್ದ ಕಂಪ್ಯೂಟರ್‌ಗೆ ಆ ಮನೆಯಲ್ಲಿ ಎರಡು ಕೆಲಸ. ಆಸ್ಪತ್ರೆ, ಗ್ರಂಥಾಲಯ, ಬಸ್ ನಿಲ್ದಾಣಗಳ ಒಳಗೆ ಜನ ದಾರಿ ತಪ್ಪದಂತೆ ಬಾಣ, ಬಣ್ಣ, ಫಲಕಗಳನ್ನು ವಿನ್ಯಾಸ ಮಾಡುವ ಸೊಸೆಗೆ ಅದು ಕಸುಬಿನ ಯಂತ್ರ. ಗೋಡೆಯಾಚೆ ಕೋಣೆಯಲ್ಲಿದ್ದ ಅತ್ತೆಗೆ ಅದೇ ಯಂತ್ರ ಸಿನಿಮಾ, ಧಾರಾವಾಹಿಗಳನ್ನು ಟಿವಿಗೆ ಕಳಿಸುತ್ತಿತ್ತು. ಲಿಫ್ಟ್ ಮೆಕ್ಯಾನಿಕ್ ಆದ ಗಂಡ ಇದನ್ನು ಜೋಡಿಸಿದ ದಿನ "ಒಂದೇ ಮೋಟಾರು, ಎರಡು ಲಿಫ್ಟು" ಎಂದು ಬೀಗಿದ್ದ. ಎರಡೂ ಒಟ್ಟಿಗೆ ಮೇಲೆ ಹತ್ತಿದರೆ ಏನಾಗುತ್ತದೆ ಎಂದು ಹೆಂಡತಿ ಕೇಳಿದ್ದಕ್ಕೆ ಅವನು ಸ್ಕ್ರೂಡ್ರೈವರ್ ಹುಡುಕಲು ಹೋಗಿದ್ದ.

ವೇಗಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಬಿದ್ದದ್ದು ಜಾಗಕ್ಕೆ. ಸೊಸೆಯ ನಕ್ಷೆಗಳೂ ಟಿವಿಯಿಂದ ರೆಕಾರ್ಡ್ ಆಗುತ್ತಿದ್ದ ಸಿನಿಮಾಗಳೂ ಒಂದೇ ಡಿಸ್ಕಿನಲ್ಲಿ ಇಕ್ಕಟ್ಟಾಗಿ ಸಂಸಾರ ಮಾಡುತ್ತಿದ್ದವು. ಕೊನೆಗೆ ಗಂಡ ಒಂದು ನಿಯಮ ಹಾಕಿದ. ಸಿನಿಮಾ ಫೋಲ್ಡರ್‌ನಲ್ಲಿರುವ ಯಾವುದನ್ನೇ ಆಗಲಿ ಕೊನೆಯವರೆಗೆ ನೋಡಿ ಮುಗಿಸಿದರೆ ಯಂತ್ರ ತಾನೇ ಅದನ್ನು ಅಳಿಸಿಬಿಡಬೇಕು.

ಅತ್ತೆ ಈ ನಿಯಮವನ್ನು ಮನೆಗೆಲಸ ಎಂದೇ ತೆಗೆದುಕೊಂಡರು. ಸೊಸೆಗೆ ಜಾಗ ಬೇಕು, ನೋಡಿದರೆ ಜಾಗ ಆಗುತ್ತದೆ, ಆದ್ದರಿಂದ ನೋಡಬೇಕು. ಸೊಪ್ಪು ಬಿಡಿಸುತ್ತ, ಬಟ್ಟೆ ಮಡಿಸುತ್ತ, ಎಂಥ ಕೆಟ್ಟ ಸಿನಿಮಾವನ್ನೂ ಅವರು ಅರ್ಧಕ್ಕೆ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ವರದಿ ಒಪ್ಪಿಸುತ್ತಿದ್ದರು.

"ಇವತ್ತು ಎರಡು ಖಾಲಿ ಮಾಡಿದೆ ಕಣೇ. ಒಂದರಲ್ಲಿ ಹೀರೋ ಸತ್ತೇ ಹೋಗ್ತಾನೆ ಅಂತ ಕಾದೆ, ಸಾಯ್ಲಿಲ್ಲ."

"ಅಮ್ಮ ಇಲ್ದಿದ್ರೆ ನಿನ್ನ ಕೆಲಸ ನಿಂತೇ ಹೋಗ್ತಿತ್ತು ನೋಡು," ಎಂದು ಗಂಡ ಸೇರಿಸುತ್ತಿದ್ದ.

ಆದರೂ ಡಿಸ್ಕ್ ಮತ್ತೆ ಮತ್ತೆ ತುಂಬುತ್ತಿತ್ತು. ಯಾಕೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೊಸ ಮಕ್ಕಳ ಆಸ್ಪತ್ರೆಯ ಕೆಲಸ ಬಂದಾಗಲೂ ಹಾಗೆಯೇ ಇತ್ತು. ಇಡೀ ಕಟ್ಟಡದ ಫಲಕಗಳ ಗುತ್ತಿಗೆ ಅದು. ಸಿಕ್ಕರೆ ವರ್ಷವಿಡೀ ಕೈತುಂಬ ಕೆಲಸ, ಸಿಗದಿದ್ದರೆ ಮತ್ತೆ ಅಂಗಡಿ ಬೋರ್ಡುಗಳೇ. ಕೊನೆಯ ಸುತ್ತಿಗೆ ಉಳಿದವರು ಮೂವರು. ಸೊಸೆ ಒಂದು ಪುಟ್ಟ ಚಲನಚಿತ್ರವನ್ನೇ ಮಾಡಿದಳು. ಮಗುವಿನ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಮುಖ್ಯ ಬಾಗಿಲಿನಿಂದ ಒಳಗೆ ಬರುತ್ತದೆ, ಗೋಡೆಯ ಮೇಲಿನ ಹಳದಿ ಗೆರೆಯನ್ನು ಹಿಡಿದು ಮೊಗಸಾಲೆ ದಾಟುತ್ತದೆ, ಮೆಟ್ಟಿಲು ಹತ್ತುತ್ತದೆ, ವಾರ್ಡಿನ ಬಾಗಿಲು ತೆರೆಯುತ್ತದೆ. ಅದನ್ನು ಸಿದ್ಧಪಡಿಸಲು ಕಂಪ್ಯೂಟರ್‌ಗೆ ಇಡೀ ರಾತ್ರಿ ಬೇಕಾಯಿತು. ಎರಡು ಕಡೆ ಇಡಲು ಜಾಗವಿರಲಿಲ್ಲ. ಆಸ್ಪತ್ರೆಯವರು ಟಿವಿಯಲ್ಲೇ ನೋಡುವವರಾದ್ದರಿಂದ ಬಣ್ಣ ಟಿವಿಯಲ್ಲಿ ಹೇಗೆ ಕಾಣುತ್ತದೆಂದು ಪರೀಕ್ಷಿಸಬೇಕಿತ್ತು. ಹಾಗಾಗಿ ಅದನ್ನು ನೇರ ಸಿನಿಮಾ ಫೋಲ್ಡರ್‌ಗೇ ಬರುವಂತೆ ಮಾಡಿದ್ದಳು. ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಅವರ ಟಿವಿಯಲ್ಲಿ ಶುರುವಿನ ತುಣುಕು ನೋಡಿದಳು. ಹಳದಿ ಹಳದಿಯಾಗಿಯೇ ಇತ್ತು. ನಿಲ್ಲಿಸಿ, ಪೆನ್‌ಡ್ರೈವ್‌ಗೆ ಚಿತ್ರ ಹಾಕಿಕೊಂಡು ಹೊರಟಳು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿ ಇನ್ನೊಮ್ಮೆ ನೋಡಿದಾಗ ಮೆಟ್ಟಿಲ ಬಳಿ ಗೆರೆ ಇರಲಿಲ್ಲ. ಬರೀ ಬೂದು ಗೋಡೆ. ಅವಳು ಅಭ್ಯಾಸಬಲದಿಂದ ತನ್ನ ಫೋಲ್ಡರ್‌ನಿಂದ, ಮೆಟ್ಟಿಲಿನ ಗೆರೆ ಸೇರಿಸುವ ಮುಂಚಿನ ಹಳೆಯ ಪ್ರತಿಯನ್ನು ತಂದಿದ್ದಳು. ಸರಿಯಾದದ್ದು ಸಿನಿಮಾಗಳ ನಡುವೆ ಉಳಿದಿತ್ತು, ಅತ್ತೆಯ ಟಿವಿಯಲ್ಲಿ "ಹೊಸದು" ಎಂಬ ಸಾಲಿನ ಮೊದಲನೆಯದಾಗಿ.

ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಲಿಲ್ಲ. ಟಿವಿ ನೋಡುವಾಗ ಅವರು ಫೋನ್ ಎತ್ತುವುದಿಲ್ಲ.

ಗಂಡನಿಗೆ ಮಾಡಿದಳು. ಅವನು ಯಾವುದೋ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ. ದನಿ ಬಾವಿಯೊಳಗಿಂದ ಬಂದಂತಿತ್ತು.

"ಅಮ್ಮ ಪೂರ್ತಿ ನೋಡಿದ್ರೆ ಹೋದ ಹಾಗೇ."

"ಕಸದ ಬುಟ್ಟಿಲಾದ್ರೂ ಇರುತ್ತಲ್ವಾ?"

"ಬುಟ್ಟೀಲಿ ಬಿದ್ದಿದ್ರೆ ಜಾಗ ಹೇಗೆ ಆಗುತ್ತೆ? ನೇರ ಅಳಿಸೋ ಹಾಗೆ ನಾನೇ ಮಾಡಿದ್ದು."

"ಎಂಥಾ ಬುದ್ಧಿವಂತನಪ್ಪ ನೀನು."

"ಜಾಗ ಇಲ್ಲ ಜಾಗ ಇಲ್ಲ ಅಂತ ಪ್ರಾಣ ತಿಂದವಳು ನೀನು," ಎಂದ ಅವನು. ಮತ್ತೆ ಮೆತ್ತಗೆ, "ಮೊದಲು ಮನೆಗೆ ಹೋಗು. ಟೈಮಿದೆಯಾ?" ಎಂದ.

ಸಮಯವಿತ್ತು, ಅಷ್ಟೇ. ಅವಳ ಸರದಿ ಊಟದ ನಂತರ, ಎಲ್ಲರಿಗಿಂತ ಕೊನೆಯಲ್ಲಿ. ಟ್ಯಾಕ್ಸಿಯಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಅತ್ತೆ ಇಂದಿನವರೆಗೆ ಏನನ್ನೂ ಮುಗಿಸದೆ ಎದ್ದದ್ದು ಅವಳಿಗೆ ನೆನಪಿರಲಿಲ್ಲ. ಸಿನಿಮಾಗಳೇ ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ. ಇದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಚಿತ್ರ. ಬೂದು ಗೋಡೆಯನ್ನೇ ತೋರಿಸಿ, ಇಲ್ಲೊಂದು ಗೆರೆ ಇದೆಯೆಂದು ಭಾವಿಸಿ ಎಂದು ಬಾಯಲ್ಲಿ ಹೇಳಬೇಕಾಗುತ್ತದೆ. ಭಾವಿಸಲು ಆಸ್ಪತ್ರೆಯವರೇಕೆ ಗುತ್ತಿಗೆ ಕೊಡುತ್ತಾರೆ?

ಮನೆಯಲ್ಲಿ ಟಿವಿ ಆರಿತ್ತು. ಅತ್ತೆ ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ಯಾಕೇ, ಇಷ್ಟು ಬೇಗ? ಮುಖ ಯಾಕೆ ಹಿಂಗಾಗಿದೆ?"

"ಅತ್ತೆ, ಬೆಳಿಗ್ಗೆ ಟಿವಿಲಿ ಹೊಸದೇನಾದ್ರೂ ಬಂದಿತ್ತಾ?"

"ಬಂದಿತ್ತು. ನೋಡಿದೆ."

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿದಳು.

"ಆಸ್ಪತ್ರೇದಾ?"

"ಹ್ಞೂಂ, ಅದೇ. ಒಂದು ಮಾತಿಲ್ಲ, ಕತೆಯಿಲ್ಲ. ಮೊದಲು ಬೇಜಾರಾಯ್ತು. ಆಮೇಲೆ ಗೊತ್ತಾಯ್ತು, ಅದು ಒಂದು ಮಗು ನೋಡೋದು. ಮಗು ಕಾಣಲ್ಲ, ಆದ್ರೆ ಎಲ್ಲಾ ಅದರ ಎತ್ತರಕ್ಕೇ ಇದೆ. ದೊಡ್ಡೋರ ಮುಖ ಬರಲ್ಲ, ಮೊಣಕಾಲು ಮಾತ್ರ. ಅದು ಪಾಪ ಹಳದಿ ಗೆರೆ ಹಿಡ್ಕೊಂಡು ಒಂದೇ ಹೋಗುತ್ತೆ. ಯಾರು ಮಾಡಿದಾರೋ, ಚೆನ್ನಾಗಿ ಮಾಡಿದಾರೆ."

"ಪೂರ್ತಿ ನೋಡಿದ್ರಾ ಅತ್ತೆ?"

ಅತ್ತೆ ಬಟಾಣಿಯನ್ನು ಬಟ್ಟಲಿಗೆ ಹಾಕಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಾಯಿತು.

"ಅವನಿಗೆ ಹೇಳಬೇಡ."

"ಏನನ್ನ?"

"ಪೂರ್ತಿ ನೋಡಿದ್ರೆ ಹೋಗಿಬಿಡುತ್ತಲ್ಲ. ಇಷ್ಟ ಆಗಿದ್ದನ್ನ ನಾನು ಪೂರ್ತಿ ನೋಡಲ್ಲ ಕಣೇ. ಎಷ್ಟು ನೋಡಿದೆ ಅಂತ ತೋರ್ಸೋ ಕೆಳಗಿನ ಪಟ್ಟಿ ತುಂಬ್ತಾ ಬಂದ ಹಾಗೆ ನಿಲ್ಲಿಸಿಬಿಡ್ತೀನಿ. ಬೇಕಾದಾಗ ಮತ್ತೆ ಮೊದಲಿಂದ ನೋಡಬಹುದು. ನಿನಗೆ ಜಾಗ ಬೇಕು ಅಂತ ಗೊತ್ತು, ಅದಕ್ಕೇ ಕೆಟ್ಟದ್ದನ್ನೆಲ್ಲ ಬೇಗ ಬೇಗ ಮುಗಿಸ್ತೀನಿ."

ಸೊಸೆ ರಿಮೋಟ್ ತೆಗೆದುಕೊಂಡು ಟಿವಿ ಹಚ್ಚಿದಳು. "ಅರ್ಧ ನೋಡಿದ್ದು" ಎಂಬ ಸಾಲು ಆ ತುದಿಯಿಂದ ಈ ತುದಿಗೆ ಹೋಗಿ ಇನ್ನೂ ಮುಂದುವರಿದಿತ್ತು. ಒಂದೊಂದರ ಕೆಳಗೂ ಪಟ್ಟಿ ಹೆಚ್ಚು ಕಡಿಮೆ ತುಂಬಿತ್ತು. ಪ್ರೇಮಿಗಳು ಸೇರುವ ಮುಂಚೆ, ಕೊಲೆಗಾರ ಸಿಗುವ ಮುಂಚೆ, ಮಗ ಮನೆಗೆ ಬರುವ ಮುಂಚೆ ನಿಂತ ಸಿನಿಮಾಗಳು. ಡಿಸ್ಕ್ ತುಂಬಿದ್ದು ಇವುಗಳಿಂದ. ಎಲ್ಲಕ್ಕಿಂತ ಮೊದಲು, ತೆರೆಯಲಿದ್ದ ವಾರ್ಡಿನ ಬಾಗಿಲ ಮುಂದೆ ನಿಂತ ಅವಳ ಹಳದಿ ಗೆರೆ.

ಮಂಚದ ಮೇಲೆ ಕೂತು ಅವಳು ನಕ್ಕಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು.

"ನಾನು ಮಾಡಿದ್ದು ಅತ್ತೆ ಅದು."

"ನೀನಾ?" ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಬೋರ್ಡ್ ಬರೆಯೋಳಲ್ವಾ?"

"ಇದೂ ಬೋರ್ಡೇ."

"ಇಷ್ಟು ದಿನ ಹೇಳಬಾರದಾ? ನಾನು ನಿನ್ನ ಬಾಣಗಳಿಗೆ ಅಂತ ಅಷ್ಟೊಂದು ಸಿನಿಮಾ ಸಹಿಸ್ಕೊಂಡೆ."

ಸೊಸೆ ಎದ್ದು ಹೋಗಿ ಪೆನ್‌ಡ್ರೈವ್‌ಗೆ ಪ್ರತಿ ಮಾಡಿದಳು. ಈ ಸಲ ತೆರೆದು, ಮೆಟ್ಟಿಲವರೆಗೆ ಓಡಿಸಿ ನೋಡಿದಳು. ಆಮೇಲೆ ಲ್ಯಾಪ್‌ಟಾಪ್‌ಗೂ ಒಂದು ಪ್ರತಿ ಹಾಕಿದಳು. ಅತ್ತೆ ಹಿಂದೆಯೇ ಬಂದು ನಿಂತಿದ್ದರು.

"ಕೊನೇಲಿ ಮಗುಗೆ ಹಾಸಿಗೆ ಸಿಗುತ್ತಾ?"

"ಸಿಗುತ್ತೆ. ಕಿಟಕಿ ಪಕ್ಕ."

"ಸದ್ಯ," ಎಂದರು ಅತ್ತೆ. "ಹೋಗು, ಹೊತ್ತಾಯ್ತು. ಮುಖ ತೊಳ್ಕೊಂಡು ಹೋಗು."

ಆಸ್ಪತ್ರೆಯ ಸಭೆಯಲ್ಲಿ ಚಿತ್ರ ಮುಗಿದಾಗ ಮುಖ್ಯ ದಾದಿ ಇನ್ನೊಮ್ಮೆ ಹಾಕಿ ಎಂದರು. ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಲು ಹೇಳಿ, ಹಳೆಯ ಕಟ್ಟಡದಲ್ಲಿ ಮಕ್ಕಳು ಅಳಲು ಶುರು ಮಾಡುತ್ತಿದ್ದದ್ದು ಸರಿಯಾಗಿ ಅಲ್ಲೇ ಎಂದರು. ಸಂಜೆ ಫೋನ್ ಬಂತು. ಗುತ್ತಿಗೆ ಅವಳದೇ.

ಮರುದಿನ ಗಂಡ ಇನ್ನೊಂದು ಡಿಸ್ಕ್ ತಂದು ಹೆಂಡತಿಯ ಕೆಲಸವನ್ನೆಲ್ಲ ಅದಕ್ಕೆ ಸಾಗಿಸಿದ, ಅಳಿಸುವ ನಿಯಮವನ್ನೂ ತೆಗೆದುಹಾಕಿದ. ಅತ್ತೆಯ ಗುಟ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ. "ಅರ್ಧ ನೋಡಿದ್ದು" ಸಾಲನ್ನು ನೋಡಿ ಅವನೇ ಅರ್ಥ ಮಾಡಿಕೊಂಡ.

"ಅಮ್ಮಾ, ಇನ್ನು ಏನೂ ಹೋಗಲ್ಲ. ಧೈರ್ಯವಾಗಿ ಕೊನೆವರೆಗೆ ನೋಡು."

ಅತ್ತೆ ಮೊದಲು ಸೊಸೆಯ ಚಿತ್ರ ಹಾಕಿಸಿಕೊಂಡರು. ಬಾಗಿಲು ತೆರೆಯಿತು, ಕಿಟಕಿ ಪಕ್ಕದ ಹಾಸಿಗೆ ಬಂತು. ತಲೆಯಾಡಿಸಿದರು. ಆಮೇಲೆ ಉಳಿದ ಸಿನಿಮಾಗಳ ಕೊನೆಗಳನ್ನು ಒಂದರ ಹಿಂದೊಂದು ನೋಡುತ್ತ ಹೋದರು. ಮೂವರೂ ಊಟಕ್ಕೆ ಕೂತಾಗ ಅವರ ಮುಖ ಗಂಟಾಗಿತ್ತು.

"ಏನಾಯ್ತಮ್ಮ?"

"ನಾನು ಅಂದ್ಕೊಂಡಿದ್ದ ಕೊನೆಗಳು ಇವಕ್ಕಿಂತ ಚೆನ್ನಾಗಿದ್ವು. ಇವಳದೊಂದು ಬಿಟ್ಟು ಎಲ್ಲಾ ಅಳಿಸಿಬಿಡು."