ಕೊಡಕ್ಕೆ ಕಟ್ಟಿದ ಕೈಪಟ್ಟಿ

"ಬಿಚ್ಚೇ, ಮುದಿ ಗೂಬೆ! ನಿಮ್ಮಪ್ಪ ಕೊಡಿಸಿದ ಬಳೆ ಅನ್ಕೊಂಡ್ಯಾ?"

ಮೇಸ್ತ್ರಿ ಕೈ ನೀಡಿದ. ಸೊಸೆಯ ಜೊತೆ ರಸ್ತೆ ಕೆಲಸಕ್ಕೆ ಬಂದಿದ್ದ ಅತ್ತೆ ಮಣಿಕಟ್ಟಿನ ಕಪ್ಪು ಪಟ್ಟಿಯನ್ನು ಬಿಚ್ಚಿ ಕೊಟ್ಟಳು. ನಿನ್ನೆಯಷ್ಟೇ ಆಫೀಸಿನ ಮೇಡಂ ಬಂದು, ಡಾಂಬರು ಹಾಕುವವರಿಗೆಲ್ಲ ತಾವೇ ಅದನ್ನು ಕಟ್ಟಿದ್ದರು. ವರ್ಷ ವರ್ಷವೂ ಬಿಸಿಲು ಏರುತ್ತಿದೆ, ಮೈ ಕಾದರೆ ಇದು ಕೂಗುತ್ತದೆ, ಕೂಗಿದರೆ ಕೆಲಸ ನಿಲ್ಲಿಸಲೇಬೇಕು, ಮೇಸ್ತ್ರಿಯ ಫೋನಿಗೂ ಆಫೀಸಿಗೂ ಗೊತ್ತಾಗುತ್ತದೆ ಎಂದಿದ್ದರು.

ಅತ್ತೆ ನಂಬಿರಲಿಲ್ಲ. ಕಾಲಿಗೊಂದು ಚಪ್ಪಲಿ ಕೊಡದವರು ಕೈಗೆ ಯಂತ್ರ ಕಟ್ಟುತ್ತಾರೆಂದರೆ? ಆಡಿದ ಮಾತೆಲ್ಲ ಕದ್ದು ಕೇಳಲಿಕ್ಕೇ ಇರಬೇಕು. ಮನೆಗೆ ಹೋದವಳೇ ಅದನ್ನು ಡಬ್ಬಿಗೆ ಹಾಕಿ ಮುಚ್ಚಿದ್ದಳು; ಬೆಳಿಗ್ಗೆ ಕೆಲಸಕ್ಕೆ ಬರುವಾಗಷ್ಟೇ ಮತ್ತೆ ಕಟ್ಟಿಕೊಂಡಿದ್ದಳು.

ಮೇಸ್ತ್ರಿ ಎಲ್ಲರ ಪಟ್ಟಿಗಳನ್ನೂ ಕಿತ್ತು, ನೆರಳಲ್ಲಿದ್ದ ನೀರಿನ ಕೊಡದ ಕಂಠಕ್ಕೆ ಕಟ್ಟಿ, ಮೇಲೆ ಒದ್ದೆ ಗೋಣಿ ಸುತ್ತಿದ.

"ಯಾಕಣ್ಣಾ, ಕೊಡಕ್ಕೆ ಸೆಖೆನಾ?" ರೋಲರ್ ಓಡಿಸುವವನು ನಕ್ಕ.

"ಬಾಯ್ಮುಚ್ಚೋ ಬೋಳಿಮಗನೆ. ಸಂಜೆಯೊಳಗೆ ರಸ್ತೆ ಮುಗೀಬೇಕು."

ಹಾಗೆಂದವನ ಕಣ್ಣು ಮತ್ತೆ ಮತ್ತೆ ಕೊಡದ ಕಡೆಗೇ ಹೊರಳುತ್ತಿತ್ತು. ಅತ್ತೆಯ ಅನುಮಾನ ಮಗ್ಗುಲು ಬದಲಿಸಿತು. ಈ ನಾಯಿ ಹೆದರುತ್ತದೆಂದರೆ ಅದರಲ್ಲಿ ನಮಗೇನೋ ಒಳ್ಳೆಯದಿದೆ.

ಬಸುರಿ ಸೊಸೆ ಬಿಸಿ ಜಲ್ಲಿಯ ಬಾಣಲೆ ಹೊತ್ತು ಬಂದವಳು ಓಲಾಡಿದಳು. ಮೈಯಲ್ಲಿ ಬೆವರೇ ಇರಲಿಲ್ಲ.

"ಅತ್ತೇ... ಚಳಿಯಾಗ್ತಿದೆ."

ಅತ್ತೆ ಅವಳ ಬಾಣಲೆ ಇಳಿಸಿಕೊಂಡು ಮೇಸ್ತ್ರಿಯತ್ತ ತಿರುಗಿದಳು. "ಅಣ್ಣಾ, ಹುಡುಗಿ ಸ್ವಲ್ಪ ನೆರಳಿಗೆ ಹೋಗ್ಲಿ."

ಮೇಸ್ತ್ರಿ ಫೋನು ಮುಂದೆ ಹಿಡಿದ. "ನೋಡಿಲ್ಲಿ, ಎಲ್ರ ಮೈಯೂ ತಣ್ಣಗಿದೆ. ನಾಟಕ ಆಡೋಕೆ ಹೊಟ್ಟೆ ಬೇರೆ ಮುಂದೆ ಮಾಡ್ಕೊಂಡು ಬರ್ತಾಳೆ, ರಂಡೆ."

ಸೊಸೆ ಕುಸಿದಳು.

ಅವಳನ್ನು ರಸ್ತೆಯ ಬದಿಗೆ ಎಳೆದು ಮಲಗಿಸಿ, ಅತ್ತೆ ಕೊಡದ ಬಳಿ ಹೋದಳು. ಗೋಣಿ ಕಿತ್ತೆಸೆದು, ಕೈಗೆ ಸಿಕ್ಕ ಪಟ್ಟಿಯನ್ನು ತಂದು ಸೊಸೆಯ ಮಣಿಕಟ್ಟಿಗೆ ಬಿಗಿದಳು. ಏನೂ ಆಗಲಿಲ್ಲ. ಇದೂ ಮೋಸವೇ ಎಂದುಕೊಳ್ಳುವಷ್ಟರಲ್ಲಿ ಅದು ಚೀರತೊಡಗಿತು. ಮೇಸ್ತ್ರಿಯ ಫೋನೂ ಹೊಡೆದುಕೊಳ್ಳತೊಡಗಿತು. ರೋಲರ್ ನಿಂತಿತು.

"ಬಿಚ್ಚೇ ಅದನ್ನ! ಆಫೀಸಿಗೆ ಗೊತ್ತಾಗುತ್ತೆ!" ಮೇಸ್ತ್ರಿ ಓಡಿ ಬಂದ.

ಅತ್ತೆ ಹೊಗೆಯಾಡುವ ರಾಶಿಯಿಂದ ಒಂದು ಸಲಿಕೆ ಡಾಂಬರು ಎತ್ತಿ ಅವನ ದಾರಿಗೆ ಅಡ್ಡ ಎಸೆದಳು. ಬೂಟಿನ ತುದಿಯಲ್ಲಿ ಹೊಗೆ ಎದ್ದಿತು. ಇನ್ನೊಂದು ಸಲಿಕೆ ತುಂಬಿ, ಅವನ ಮುಖದ ಮಟ್ಟಕ್ಕೆ ಎತ್ತಿ ಹಿಡಿದಳು.

"ಮುಟ್ಟು, ನೋಡೋಣ."

ರೋಲರಿನವನು ಕೊಡದ ನೀರನ್ನೆಲ್ಲ ಸೊಸೆಯ ಮೇಲೆ ಸುರಿದ. ಅವಳು ಕಣ್ಣು ತೆರೆಯಲಿಲ್ಲ. ಪಟ್ಟಿ ಕೂಗುತ್ತಲೇ ಇತ್ತು. ಅತ್ತೆಯ ಸಲಿಕೆ ಇಳಿಯಲಿಲ್ಲ.