ಸದ್ದಿಲ್ಲದ ಸಮುದ್ರ ಬೇಕು

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಮೈಕಣ್ಣ ಎಂದೇ. ಅವನು ಈರುಳ್ಳಿ ಮೂಟೆಯ ಮೇಲೆ ನಿಂತು ಬಾಯಿ ತೆರೆದರೆ ಬೀದಿಯಾಚೆ ಚಹಾ ಕುಡಿಯುತ್ತಿದ್ದವರಿಗೂ ರೇಟು ತಿಳಿಯುತ್ತಿತ್ತು. ಮನೆಯಲ್ಲೂ ಅದೇ ದನಿ. ಬಚ್ಚಲಿನಿಂದ “ಟವೆಲ್ ಎಲ್ಲಿ?” ಎಂದರೆ ಎದುರುಮನೆಯವರೂ ಒಮ್ಮೆ ತಮ್ಮ ಟವೆಲ್ ನೋಡಿಕೊಳ್ಳುತ್ತಿದ್ದರು. ಅಂಥವನ ಗಂಟಲಲ್ಲೇ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಒಂದು ಪಿಸುಮಾತು, ಅದೂ ಹಳೇ ಸೈಕಲ್ ಪಂಪಿನ ಗಾಳಿಯಷ್ಟು.

ಅವನ ಹೆಂಡತಿ ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೇಡಿಕೊಂಡದ್ದು ಜೀವವನ್ನು ಮಾತ್ರ. ದನಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಗಂಡ ಎದುರಿಗೆ ಕೂತು ಉಣ್ಣುತ್ತಿದ್ದಾನಲ್ಲ, ಅಷ್ಟು ಸಾಕು ಎಂದು ನಿಜವಾಗಿಯೂ ಅಂದುಕೊಂಡಿದ್ದಳು. ಆದರೆ ಮನೆಗೆ ಬಂದಾಗಿನಿಂದ ಅವನು ಅವಳಿಗೆ ಏನನ್ನೋ ಹೇಳಲು ಒದ್ದಾಡುತ್ತಿದ್ದ. ಅವನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಕೆಳಗಿನ ಟ್ರಂಕು ಅಂಗಡಿಯಲ್ಲಿ ತಗಡಿನ ಮೇಲೆ ಸುತ್ತಿಗೆ ಬೀಳುತ್ತಿತ್ತು. ಇವಳು “ಏನ್ರೀ?” ಎನ್ನುತ್ತಿದ್ದಳು. ಅವನು ಏನಿಲ್ಲ ಬಿಡು ಎಂದು ಕೈಯಾಡಿಸುತ್ತಿದ್ದ.

ಮಾತ್ರೆ, ನೀರು, ಸ್ನಾನ ಎಲ್ಲ ಸನ್ನೆಯಲ್ಲೇ ನಡೆಯುತ್ತಿತ್ತು. ಇದು ಸನ್ನೆಗೆ ಸಿಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಬರೆದಾದರೂ ತೋರಿಸಿ ಎಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟು ನೋಡಿದಳು. ಜೀವಮಾನವಿಡೀ ಬಾಯಿಂದಲೇ ದುಡಿದವನು, ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು ಮುಖ ತಿರುಗಿಸಿದ. ಬರಬರುತ್ತಾ ಬಾಯಿ ತೆರೆಯುವುದನ್ನೇ ಬಿಟ್ಟ.

“ಹೀಗೇ ಸುಮ್ಮನಿದ್ದರೆ ಇರೋ ದನಿನೂ ಹೋಗುತ್ತೆ,” ಎಂದರು ಡಾಕ್ಟರು. “ಒಂದು ವಾರ ಎಲ್ಲಾದ್ರೂ ಸಮುದ್ರದ ಗಾಳಿಗೆ ಕರ್ಕೊಂಡು ಹೋಗಿ, ಮಾತಾಡ್ಸಿ. ಬಸ್ಸು ಬೇಡ, ಧೂಳು. ರೈಲಲ್ಲಿ ಹೋಗಿ.”

ಹುಡುಕಾಟ ಶುರುವಾಯಿತು. ಮಗಳು ಫೋನು ಹಿಡಿದು ಪಕ್ಕದಲ್ಲಿ ಕೂತಳು.

“ಇಲ್ಲಿ ನೋಡಮ್ಮ, ಬೋಟಿಂಗ್ ಇದೆ.”

“ಬೇಡ. ಇಂಜಿನ್ನಿನ ಸದ್ದು.”

“ಇಲ್ಲಿ ದೊಡ್ಡ ಹೋಟೆಲು, ಸಂಜೆ ಆರ್ಕೆಸ್ಟ್ರಾ ಅಂತೆ.”

“ನಿಮ್ಮಪ್ಪನ್ನ ಅಲ್ಲಿ ಕೂರಿಸಿ ನಾನೇನು ಡ್ಯಾನ್ಸ್ ಮಾಡ್ಲಾ?”

ದೊಡ್ಡ ಹೋಟೆಲು ಹೇಗೂ ಅವರ ಕೈಗೆಟುಕುವಂತಿರಲಿಲ್ಲ. ಸಣ್ಣ ಸಣ್ಣ ತಂಗುಮನೆಗಳ ನಂಬರು ತೆಗೆದರು. ಎಲ್ಲರೂ ತಮ್ಮಲ್ಲಿ ಬಹಳ ಪ್ರಶಾಂತ ಎಂದೇ ಹೇಳುವುದು. ಯಾರೂ ತಮ್ಮ ಮನೆ ಸಂತೆ ಎಂದು ಹೇಳಿಕೊಳ್ಳುವುದಿಲ್ಲವಲ್ಲ. ಅದಕ್ಕೆ ಅವಳು ತನ್ನದೇ ಒಂದು ಪರೀಕ್ಷೆ ಮಾಡಿಕೊಂಡಳು. ರೇಟು, ನೀರು, ಸ್ಟೇಷನ್ನಿನಿಂದ ಎಷ್ಟು ದೂರ ಎಲ್ಲ ಕೇಳಿದ ಮೇಲೆ, “ಈಗ ಸ್ವಲ್ಪ ಹೊತ್ತು ಸುಮ್ಮನಿರಿ, ಫೋನ್ ಇಡಬೇಡಿ,” ಎನ್ನುತ್ತಿದ್ದಳು. ಅತ್ತ ಕಡೆಯವರು ತಬ್ಬಿಬ್ಬಾಗಿ ಸುಮ್ಮನಾಗುತ್ತಿದ್ದರು. ಇವಳು ಹೊಲಿಗೆ ಯಂತ್ರ ನಿಲ್ಲಿಸಿ ಕಣ್ಣು ಮುಚ್ಚಿ ಆಲಿಸುತ್ತಿದ್ದಳು. ಒಂದು ಕಡೆ ಮಿಕ್ಸಿ ತಿರುಗುತ್ತಿತ್ತು. ಇನ್ನೊಂದು ಕಡೆ ಲಾರಿ ಹಾರ್ನು. ಮತ್ತೊಂದು ಕಡೆ ಗಂಡ ಹೆಂಡತಿ ಜೋರಾಗಿ ಜಗಳವಾಡುತ್ತಿದ್ದರು. ಅದನ್ನು ಮಾತ್ರ ಅವಳು ಸ್ವಲ್ಪ ಹೆಚ್ಚು ಹೊತ್ತೇ ಕೇಳಿಸಿಕೊಂಡಳು.

ಕೊನೆಗೆ ಒಬ್ಬ ಅಜ್ಜಿ ಸಿಕ್ಕಿದಳು. ಪ್ಯಾಸೆಂಜರ್ ರೈಲು ಮಾತ್ರ ನಿಲ್ಲುವ ಸಣ್ಣ ಊರು, ನೀರಿನ ಪಕ್ಕದಲ್ಲೇ ಬಾಡಿಗೆಗೆ ಕೊಡುವ ಎರಡು ಕೋಣೆ, ಬಾಡಿಗೆಯೂ ಹಗುರ. “ಸುಮ್ಮನಿರಿ” ಎಂದಾಗ ಅಜ್ಜಿ ಏಕೆಂದು ಕೇಳದೆ ಸುಮ್ಮನಾದಳು. ಯಾರೋ ಅಂಗಳ ಗುಡಿಸುವ ಪೊರಕೆಯ ಸದ್ದು ಬಿಟ್ಟರೆ ಏನೂ ಇಲ್ಲ. ಅವಳ ಕಣ್ಣು ತುಂಬಿ ಬಂತು. ಇಲ್ಲಿ ಅವನ ಮಾತು ಕೇಳಿಸುತ್ತದೆ ಎಂದುಕೊಂಡಳು.

ಈ ಮನೆಯಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಟೀವಿಯಲ್ಲಿ ನೋಡಿದ್ದರು, ಆದರೆ ಅಲ್ಲಿ ಸಮುದ್ರ ಬಂದಾಗಲೆಲ್ಲ ಮೇಲೊಂದು ಹಾಡಿರುತ್ತಿತ್ತು. ಮಗಳ ಫೋನಿನ ಫೋಟೋಗಳಲ್ಲಂತೂ ಅದು ಇಸ್ತ್ರಿ ಮಾಡಿದ ನೀಲಿ ಬಟ್ಟೆಯ ಹಾಗೆ ತೆಪ್ಪಗೆ ಬಿದ್ದಿತ್ತು.

ಮಗಳನ್ನು ಮನೆಯಲ್ಲೇ ಬಿಟ್ಟು ಇಬ್ಬರೇ ಹೊರಟರು. ರೈಲಿನಲ್ಲಿ ಮೈಕಣ್ಣ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಗಾಲಿಯ ಗದ್ದಲದಲ್ಲಿ ಮಾತಿನ ಆಸೆಯೇನೂ ಅವಳಿಗಿರಲಿಲ್ಲ. ಇನ್ನೇನು ಬಂತಲ್ಲ ಎಂದು ಸಮಾಧಾನದಿಂದಿದ್ದಳು. ಸ್ಟೇಷನ್ನಿನಲ್ಲಿ ಇಳಿದವರು ಇವರಿಬ್ಬರೇ. ಆಟೋದವನು ಚೀಲಗಳನ್ನು ತಾನೇ ಎತ್ತಿಟ್ಟುಕೊಂಡು, ಮೈಕಣ್ಣನ ಗಂಟಲಿಗೆ ಸುತ್ತಿದ್ದ ಬಟ್ಟೆ ನೋಡಿ ಗುಂಡಿಗಳಲ್ಲಿ ನಿಧಾನ ಓಡಿಸಿದ. ಕೋಣೆಯ ಮುಂದೆ ಆಟೋ ನಿಂತಿತು, ಇಂಜಿನ್ನು ಆರಿತು. ಸದ್ದು ಮಾತ್ರ ನಿಲ್ಲಲಿಲ್ಲ.

ಮರಳ ದಿಬ್ಬದಾಚೆಯಿಂದ ಭೋರೆಂದು ಬರುತ್ತಿತ್ತು ಆ ಸದ್ದು. ಬಿದ್ದು, ಉಸಿರೆಳೆದುಕೊಂಡು, ಮತ್ತೆ ಬೀಳುತ್ತಿತ್ತು. ಅದರ ಮುಂದೆ ಟ್ರಂಕಿನ ಅಂಗಡಿ ಯಾವ ಲೆಕ್ಕ?

“ಫೋನಲ್ಲಿ ಇದೇನೂ ಇರ್ಲಿಲ್ವಲ್ಲಜ್ಜಿ,” ಎಂದಳು ಕೋಣೆಯ ಬಾಗಿಲಲ್ಲಿ ಕಾದಿದ್ದ ಅಜ್ಜಿಗೆ, ಅಳು ತಡೆದುಕೊಂಡು.

“ಫೋನು ನಮ್ಮ ಮನೇಲಿರೋದು ತಾಯಿ, ಊರೊಳಗೆ. ಸಮುದ್ರ ಅಂದ್ಮೇಲೆ ಸದ್ದು ಇರಲ್ವಾ?” ಅಜ್ಜಿಗೆ ನಗು ತಡೆಯಲಾಗಲಿಲ್ಲ. ಇವಳ ಮುಖ ನೋಡಿ ನಗು ನುಂಗಿದಳು. “ಬೇಡ ಅನ್ಸಿದ್ರೆ ನಮ್ಮ ಮನೆಗೇ ಬಂದ್ಬಿಡಿ. ನನ್ನ ಕೋಣೆ ಕೊಡ್ತೀನಿ, ದುಡ್ಡು ಬೇಡ.” ಊಟ ತಂದಿಟ್ಟು, ಬೀಗದ ಕೈ ಕೊಟ್ಟು ಹೋದಳು. ಗುರುತು ಪರಿಚಯವಿಲ್ಲದವರ ಈ ಒಳ್ಳೆಯತನಕ್ಕೆ ಅವಳಿಗೆ ಇನ್ನಷ್ಟು ಅಳು ಬಂತು.

ತಿರುಗಿ ನೋಡಿದರೆ ಕೋಣೆಯಲ್ಲಿ ಗಂಡನಿಲ್ಲ. ಬಾಗಿಲೆಳೆದುಕೊಂಡು ದಿಬ್ಬ ಹತ್ತಿದಳು. ಮೈಕಣ್ಣ ನೀರಿಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ, ಹಿಂದೆ ಈರುಳ್ಳಿ ಮೂಟೆಯ ಮೇಲೆ ನಿಲ್ಲುತ್ತಿದ್ದ ಹಾಗೆ. ತನಗಿಂತ ದೊಡ್ಡ ಬಾಯಿಯವನೊಬ್ಬ ಇದ್ದಾನೆಂದು ಕಂಡು ಅವನ ಮುಖವೆಲ್ಲ ನಗುವಾಗಿತ್ತು. ಎಷ್ಟೋ ತಿಂಗಳ ಮೇಲೆ ನೋಡಿದ ನಗು ಅದು.

ಅವಳು ಪಕ್ಕಕ್ಕೆ ಹೋಗಿ ನಿಂತಳು. ಅವನು ಬಾಯಿ ತೆರೆದ. ಅಲೆ ಬಿತ್ತು. “ಏನ್ರೀ?” ಎಂದು ಅವಳು ಕೂಗಿದಳು. ಅವನಿಗೂ ಅದು ಕೇಳಿಸಲಿಲ್ಲ. ಮನೆಯಲ್ಲಾಗಿದ್ದರೆ ಕೈಯಾಡಿಸಿ ಬಿಡುತ್ತಿದ್ದ. ಇಲ್ಲಿ ಅವಳ ಕೂಗೂ ಅವನ ಪಿಸುಮಾತೂ ಒಂದೇ ಆಗಿಹೋಗಿತ್ತು. ಇಬ್ಬರಿಗೂ ನಗು ಬಂತು. ಆಗ ಅವನು ಅವಳ ಸೆರಗು ಹಿಡಿದು ಹತ್ತಿರಕ್ಕೆಳೆದು, ಕಿವಿಗೆ ಬಾಯಿ ಹಚ್ಚಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳ ಕಿವಿಯಲ್ಲಿ ಮಾತಾಡಿದವನಲ್ಲ. ಆ ದನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

“ರೂಮಿಗೆ ಬೀಗ ಹಾಕಿದ್ಯಾ?”

ಅವಳು ಕಣ್ಣು ಕೆಕ್ಕರಿಸಿ ನೋಡಿದಳು. ಇದಕ್ಕೇನಾ ಇಷ್ಟು ದಿನ ಒದ್ದಾಡಿದ್ದು? ಆದರೆ ಅವನು ಸೆರಗು ಬಿಡಲಿಲ್ಲ. ಮತ್ತೆ ಬಗ್ಗಿದ.

“ಆಪರೇಷನ್ ದಿನ ಗಾಲಿ ಮಂಚದಲ್ಲಿ ತಳ್ಕೊಂಡು ಹೋಗ್ತಿದ್ರಲ್ಲ. ಜೀವ ಬಾಯಿಗೆ ಬಂದಿತ್ತು ನಂಗೆ. ಕಾಲೆಲ್ಲಾ ತಣ್ಣಗೆ. ನೀನು ಬಾಗಿಲ ತನಕ ನನ್ನ ಪಾದ ಹಿಡ್ಕೊಂಡೇ ಬಂದೆ. ನರ್ಸಮ್ಮ ಬಿಡಿಸಿದ್ರೂ ಬಿಡ್ಲಿಲ್ಲ. ಒಳಗೆ ಕಣ್ಣು ಮುಚ್ಚೋವಾಗ್ಲೂ ಕಾಲು ಬೆಚ್ಚಗಿತ್ತು ಕಣೇ. ಅದನ್ನ ನಿಂಗೆ ಹೇಳ್ಬೇಕಿತ್ತು.”

ಒಂದಕ್ಷರವೂ ತಪ್ಪದೆ ಕೇಳಿಸಿತು. ಕಿವಿ ಒದ್ದೆಯಾಗಿತ್ತು, ಅವನ ಉಸಿರಿಗೋ ಕಣ್ಣೀರಿಗೋ ತಿಳಿಯಲಿಲ್ಲ. ಸದ್ದಿಲ್ಲದ ಜಾಗ ಸಿಕ್ಕಿದ್ದರೆ ಅವನು ಮೂಲೆಯ ಕುರ್ಚಿಯಿಂದಲೇ ಹೇಳಿ ಮುಗಿಸುತ್ತಿದ್ದ. ಅಜ್ಜಿಗೂ, ಅಜ್ಜಿಯ ಫೋನಿಗೂ, ಎದುರಿಗೆ ಬಾಯಿ ಬಡಿದುಕೊಳ್ಳುತ್ತಿದ್ದ ಆ ನೀರಿಗೂ ಅವಳು ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವನ ಕತ್ತನ್ನು ಬಗ್ಗಿಸಿ, ಕಿವಿಗೆ ಬಾಯಿ ಹಚ್ಚಿದಳು.

“ಹಾಕಿಲ್ಲ ಕಣ್ರೀ,” ಎಂದಳು. “ಇರಲಿ ಬಿಡಿ. ಇನ್ನೊಂದ್ಸಲ ಹೇಳಿ.”