ಹೂಗ್ಯಂಗೆ ಹೋದ ಬುತ್ತಿ

ಮಾಂಬಳ್ಳಿಯ ಮಲ್ಲಿಕಾರ್ಜುನಸ್ವಾಮಿಯವರನ್ನು ಊರೆಲ್ಲ ಯಜಮಾನರು ಎಂದೇ ಕರೆಯುತ್ತಿತ್ತು. ಗದ್ದೆ, ತೋಟ, ಕೊಳ್ಳೇಗಾಲದಲ್ಲೊಂದು ಅಕ್ಕಿ ಗಿರಣಿ. ಇಷ್ಟಕ್ಕೂ ವಾರಸುದಾರಳೆಂದರೆ ತಾಯಿಯಿಲ್ಲದ ಒಬ್ಬಳೇ ಮಗಳು ಶಿವರಂಜನಿ. ಆಸ್ತಿ ಕಂಡು ಬಾಗಿಲಿಗೆ ಬಂದ ಗಂಡುಗಳಿಗೇನೂ ಕಮ್ಮಿಯಿರಲಿಲ್ಲ. ಅವರನ್ನೆಲ್ಲ ಬಿಟ್ಟು ಅವಳು ಮನಸ್ಸಿಟ್ಟಿದ್ದು ಕೊಳ್ಳೇಗಾಲದ ಸೀರೆ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದ ಚನ್ನಬಸವನ ಮೇಲೆ. ನಗುಮುಖದ ಹುಡುಗ, ಬಾಯಿ ತೆರೆದರೆ ಬೆಣ್ಣೆಯಂಥ ಮಾತು. ರೇಷ್ಮೆ ಸೀರೆಯ ಸೆರಗನ್ನು ತನ್ನ ಹೆಗಲ ಮೇಲೇ ಹೊದ್ದು ತೋರಿಸಿದನೆಂದರೆ ಬಂದ ಹೆಂಗಸರು ಕೊಳ್ಳದೆ ಎದ್ದು ಹೋಗುತ್ತಿರಲಿಲ್ಲ. ಯಜಮಾನರಿಗೆ ಮೈ ಉರಿಯುತ್ತಿದ್ದದ್ದೂ ಅದಕ್ಕೇ.

"ಸೆರಗು ಹೊದ್ಕಂಡು ಹೆಂಗಸ್ರ ಮುಂದೆ ನಿಲ್ಲೋನಿಗೆ ನನ್ ಮಗಳ್ನ ಕೊಡ್ಲಾ?" ಎಂದು ಕೇಳಿದರು.

"ಅಂಗಡೀಲಿ ಎಲ್ಲಾಕಿಂತ ಬೆಲೆ ಸೀರೆ ನಾ ಎತ್ಕಂಡಿದ್ದೆ ಅಪ್ಪಾಜಿ. 'ಇದು ನಿಮಗೆ ಒಪ್ಪಕಿಲ್ಲ, ಬ್ಯಾಡಿ' ಅಂದ್ಬುಟ್ರು ಅವ್ರು," ಎಂದಳು ಶಿವರಂಜನಿ.

"ಅದೂ ಯಾಪಾರವೇ ಕಣವ್ವ."

ಆದರೂ ಮಗಳ ಹಠಕ್ಕೆ ಮಣಿದು, ಅವನ ಊರಾದ ಹೂಗ್ಯಂಗೆ ಹೋಗಿ ಗಂಡಿನ ಮನೆ ನೋಡಿ ಬರಲು ಒಪ್ಪಿದರು. ಮನೆ ನೋಡಲು ಹೋದವರು ಅಲ್ಲಿ ಉಂಡರೆ ಸಂಬಂಧ ಒಪ್ಪಿದಂತೆ. ಉಣ್ಣದೆ ಎದ್ದರೆ ಬೇರೆ ಮಾತೇ ಬೇಕಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಉಣ್ಣದೆ ಎದ್ದು ಬರುವುದೆಂದು ಯಜಮಾನರು ಆಗಲೇ ತೀರ್ಮಾನಿಸಿದ್ದರು. ಹಾಗೇನಾದರೂ ಬಂದರೆ ಮತ್ತೆ ಅವನ ಹೆಸರೆತ್ತುವುದಿಲ್ಲವೆಂದು ಮಗಳೂ ಮಾತು ಕೊಟ್ಟಿದ್ದಳು.

ಹೊರಡುವ ಹೊತ್ತಿಗೆ ಅವಳೇ ಊಟದ ಕ್ಯಾರಿಯರ್ ತಂದು ಕಾರಿನಲ್ಲಿಟ್ಟಳು.

"ಇದ್ಯಾಕವ್ವ?"

"ದಾರೀಲಿ ಉಣ್ಣಿ. ಹೊಟ್ಟೆ ಹಸ್ದಿತ್ತು, ಅದ್ಕೆ ಉಂಡು ಒಪ್ಕಂಬುಟ್ಟೆ ಅಂತ ನಾಳೆ ನೀವು ಅನ್ನಬಾರ್ದು."

ಎಂಥ ಹುಡುಗಿ ನೋಡಿ. ತನ್ನ ಬಾಳೇ ಆ ಒಂದು ಊಟದ ಮೇಲೆ ನಿಂತಿರುವಾಗ, ಅಪ್ಪನ ಹಸಿವಿನಿಂದ ಲಾಭ ಮಾಡಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಯಜಮಾನರಿಗೆ ಒಳಗೊಳಗೇ ಹೆಮ್ಮೆಯಾಯಿತು, ತೋರಿಸಿಕೊಳ್ಳಲಿಲ್ಲ.

ದಾರಿಯಲ್ಲಿ ಕ್ಯಾರಿಯರ್ ಬಿಚ್ಚಲಿಲ್ಲ. ಮಧ್ಯಾಹ್ನದ ಲಿಂಗಪೂಜೆಯಾಗದೆ ತುತ್ತೆತ್ತುವ ಮನುಷ್ಯರಲ್ಲ ಅವರು. ವಾಪಸಾಗುವಾಗ ನೀರು ಕಂಡಲ್ಲಿ ಪೂಜೆ ಮುಗಿಸಿ ಉಂಡರಾಯಿತು ಎಂದುಕೊಂಡರು. ಹನೂರು ದಾಟಿ ಕಾಡಂಚಿನ ಹೂಗ್ಯಂ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಹಂಚಿನ ಪುಟ್ಟ ಮನೆ, ಸಾರಿಸಿದ ಜಗುಲಿ. ಹುಡುಗನ ತಾಯಿ ಪುಟ್ಟಬಸಮ್ಮ ಕಾಲಿಗೆ ನೀರು ಕೊಟ್ಟರು, ಚನ್ನಬಸವ ಚಾಪೆ ಹಾಸಿ ಕೂರಿಸಿದ. ಒಳಗಿನಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ಯಜಮಾನರು 'ಬೇಡ' ಎನ್ನುವುದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದರು. ಹೊಲ ನೋಡಿದ್ದಾಯಿತು, ಹಸು ನೋಡಿದ್ದಾಯಿತು, ಊಟಕ್ಕೆ ಏಳಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ಒತ್ತಾಯ ಮಾಡುವವರೇ ಇಲ್ಲದಿದ್ದರೆ ಬೇಡವೆನ್ನುವುದಾದರೂ ಯಾರಿಗೆ? ಅವರಿಗೆ ರೇಗಿಹೋಯಿತು.

"ಏನಯ್ಯ, ನಿಮ್ಮೂರಲ್ಲಿ ಮನೆಗೆ ಬಂದೋರ್ನ ಉಣ್ಣಿ ಅನ್ನದಿಲ್ವಾ?"

ಚನ್ನಬಸವ ತಲೆ ತಗ್ಗಿಸಿದ.

"ಅಡುಗೆ ಆಗ್ಯದೆ ಯಜಮಾನ್ರೆ. ನಿಮಗೆ ಮನಸಿಲ್ಲ ಅಂತ ಕಾರಿಂದ ಇಳಿಯೋವಾಗ್ಲೇ ಗೊತ್ತಾಯ್ತು. ಉಣ್ಣಿ ಅಂತ ಎಳ್ದಾಡಿ, ನೀವು ಬ್ಯಾಡ ಅಂದು, ಅದು ಅಕ್ಕಪಕ್ಕದೋರ ಕಿವಿಗೆ ಬಿದ್ರೆ ನಿಮ್ ಮಗಳ ಹೆಸರು ಬೀದಿಗೆ ಬತ್ತದೆ. ಹೊಲ ನೋಡಕೆ ಯಾರೋ ಬತ್ತಾವ್ರೆ ಅಂತ ಊರೋರಿಗೆ ಮೊದ್ಲೇ ಹೇಳಿವ್ನಿ. ನೀವು ಹಂಗೇ ಎದ್ರೂ, ಹೊಲ ಒಪ್ಪಲಿಲ್ಲ ಅಂತಾರೆ ಅಷ್ಟೆಯ."

ಇದೂ ವ್ಯಾಪಾರವೇನೋ ಎಂದು ಯಜಮಾನರು ಅವನ ಮುಖವನ್ನೇ ನೋಡಿದರು. ಅಂಗಡಿಯ ನಗು ಅಲ್ಲಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ತನಗೆ ದಕ್ಕದೆ ಹೋದರೂ ಅವಳ ಹೆಸರಿಗೆ ಕುಂದು ಬರಬಾರದೆಂದು ಈ ಹುಡುಗ ಮೊದಲೇ ಎಲ್ಲವನ್ನೂ ಅಣಿ ಮಾಡಿಟ್ಟಿದ್ದ. ಆಸ್ತಿವಂತ ಗಂಡುಗಳಲ್ಲಿ ಒಬ್ಬನಾದರೂ ಇಷ್ಟು ಯೋಚಿಸುತ್ತಿದ್ದನೇ? ಬೆಳಿಗ್ಗೆ ಕ್ಯಾರಿಯರ್ ಇಟ್ಟ ಮಗಳದೂ ಇವನದೂ ಒಂದೇ ಗುಣ. ಅದು ಹೊಳೆದಾಗ ಅವರ ಎದೆ ತುಂಬಿಬಂತು.

ಎದ್ದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

"ಪುಟ್ಟಬಸಮ್ಮಾರೆ, ನಂದಿನ್ನೂ ಪೂಜೆ ಆಗಿಲ್ಲ. ಒಂದು ಮಣೆ, ಒಂದ್ ತಂಬಿಗೆ ನೀರು ಕೊಡಿ."

ಒಂದು ಮನೆಯಲ್ಲಿ ಪೂಜೆಗೆ ಕೂತವರು ಅಲ್ಲಿ ಪ್ರಸಾದ ಮುಗಿಸದೆ ಏಳುವುದಿಲ್ಲ. ಪುಟ್ಟಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಓಡಿದರು.

ಸಂಜೆ ಕಾರು ಮಾಂಬಳ್ಳಿಗೆ ಬಂದಾಗ ಶಿವರಂಜನಿ ಬಾಗಿಲಲ್ಲೇ ನಿಂತಿದ್ದಳು. ಏನಾಯಿತೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಯಜಮಾನರು ಕ್ಯಾರಿಯರ್ ಎತ್ತಿ ಅವಳ ಕೈಗೆ ಕೊಟ್ಟರು. ಅದು ಬೆಳಿಗ್ಗೆ ಇದ್ದಷ್ಟೇ ಭಾರವಾಗಿತ್ತು. ಅವಳು ಕಣ್ಣರಳಿಸಿ ಅಪ್ಪನನ್ನು ನೋಡಿದಳು.

"ಆ ಮನೇಲಿ ಸಾರಿಗೆ ಉಪ್ಪು ಒಂಚೂರು ಕಮ್ಮಿ ಹಾಕ್ತಾರೆ ಕಣವ್ವ," ಎಂದರು ಯಜಮಾನರು, ಬೇರೆ ಕಡೆ ನೋಡುತ್ತ. "ಇನ್ಮೇಲೆ ನೀನೇ ನೋಡ್ಕಬೇಕು."